ಗಾಡಿಯ ಹಿಂದೆ ಅಪ್ಪ

ಸೀಟು ಮೇಲೇಳುತ್ತಿದೆ, ಮುಂದಿರುವ ಬಟ್ಟೆಯ ಬೇಲುಗಳು ಏಳುವ ಬದಲು ನಾನೇ ಏಳುತ್ತಿದ್ದೇನೆ, ಒಳ್ಳೆ ಕಥೆ — ಹಿಂದಿನ ಚಕ್ರ ನೆಲ ಬಿಡುತ್ತಿದೆ, ಗಾಬರಿ ಬೇಡ ಜ್ಯೋತಿಲಕ್ಷ್ಮಿ, ಲಿವರ್ ಹಾಗೇ ಹಿಡಿ, ಪರೀಕ್ಷೆಯ ಕೊನೆಯ ಸುತ್ತಿನಲ್ಲೇ ಹೀಗಾಗಬೇಕಿತ್ತಾ, ಬೇಲು ಹೇರಿದ ಇದೊಂದು ಮರದ ಪ್ಯಾಲೆಟ್ಟನ್ನು ರ‍್ಯಾಕಿಗೆ ಏರಿಸಿದರೆ ಫೋರ್ಕ್‌ಲಿಫ್ಟ್ ಆಪರೇಟರ್ ಕಾರ್ಡ್ ನನ್ನ ಕೈಗೆ, ಅಲ್ಲಿ ಅನಿಲ್ ಕುಮಾರ್ ಸರ್, ಗಾಡಿ ಓಡುವಾಗ ಯಾರೂ ದಾಟಬಾರದೆಂದು ಸುತ್ತ ಎಳೆದ ಹಳದಿ ಗೆರೆಯ ಆಚೆ ನಿಂತಿದ್ದಾರೆ, ತರಬೇತಿ ಕೊಟ್ಟವರೂ ಅವರೇ ಪಾಸು ಮಾಡುವವರೂ ಅವರೇ, ಪಕ್ಕದಲ್ಲಿ ಮಾಲೀಕರು ನಂಜುಂಡಯ್ಯನವರು, ವಿಭೂತಿ ಅಳಿಸೀತೆಂದು ಹೆಲ್ಮೆಟ್ಟನ್ನು ಹಿಂದಕ್ಕೆ ಸರಿಸಿಕೊಂಡು, ಚಿಕ್ಕಪೇಟೆಯ ಅಂಗಡಿ ಬಿಟ್ಟು ಚಾಮರಾಜಪೇಟೆಯ ಈ ಗೋಡೌನಿಗೆ ಬಂದಿರುವುದೇ ನನ್ನನ್ನು ನೋಡಲಿಕ್ಕೆ, ಹೆಣ್ಮಗಳು ಓಡಿಸ್ತಾಳೇನ್ರೀ ಅಂತ — ಓಡಿಸ್ತೀನಿ ಸರ್, ನೋಡ್ತಾ ಇರಿ. ಆದರೆ ಎರಡು ಬೇಲು ಇರಬೇಕಾದಲ್ಲಿ ಮೂರು ಯಾಕಿವೆ, ಎತ್ತುವ ಮೊದಲೇ ನೋಡಬೇಕಿತ್ತು, ಕಣ್ಣೆಲ್ಲ ಸರ್ ಮುಖದ ಮೇಲಿತ್ತು, ಯಾರು ಹೇರಿದ್ದು, ಇನ್ಯಾರು, ಇಲ್ಲೇ ಹಮಾಲಿಯಾಗಿರುವ ಅಪ್ಪನೇ, ಬೆಳಿಗ್ಗೆ ಬಸ್ಸಿನಲ್ಲಿ ಹೇಳಿದನಲ್ಲ, ಎಲ್ರೂ ಎರಡೇ ಎತ್ತೋದು ಮಗ, ನೀನು ಮೂರು ಎತ್ತಿ ತೋರ್ಸು, ಸಾಹುಕಾರ್ರು ಬಾಯ್ಬಾಯಿ ಬಿಡ್ಬೇಕು, ತಮಾಷೆ ಅಂದುಕೊಂಡು ನಾನೂ ನಕ್ಕಿದ್ದೆ.

ಧಪ್ಪೆಂದು ಸದ್ದು, ಸೀಟು ಕೆಳಗಿಳಿಯಿತು, ಚಕ್ರ ನೆಲಕ್ಕೆ ಕೂತಿತು — ತಿರುಗಿ ನೋಡಬೇಕಾಗಿಲ್ಲ, ಅಪ್ಪ ಹಿಂದೆ ಹತ್ತಿದ್ದಾನೆ, ಕೆಳಕ್ಕೆ ಬಾಗಿದ ಕನ್ನಡಿಯಲ್ಲಿ ಅವನ ಬರಿಗಾಲು ಮಾತ್ರ ಕಾಣುತ್ತಿದೆ. ಈ ಗೋಡೌನಿನ ರೂಢಿಯೇ ಅದು, ಭಾರ ಜಾಸ್ತಿಯಾಗಿ ಗಾಡಿಯ ಹಿಂಭಾಗ ಎದ್ದರೆ ಹಮಾಲಿಗಳು ಹತ್ತಿ ನಿಂತು ತೂಕ ಕೊಡುವುದು, ಎಲ್ಲರಿಗಿಂತ ದಪ್ಪ ಅಪ್ಪ, ಹೊರುವ ಕೆಲಸವನ್ನೆಲ್ಲ ಈ ಗಾಡಿ ಕಿತ್ತುಕೊಂಡ ಮೇಲೆ ಅವನಿಗೆ ಉಳಿದದ್ದು ಇದೊಂದೇ, ಕಾಳಪ್ಪಾ ಹತ್ತೋ ಅಂದರೆ ಸಾಕು ಎಲೆಅಡಿಕೆ ಉಗಿದು ಓಡಿಬರುತ್ತಾನೆ, ಸಂಜೆ ಮನೆಯಲ್ಲಿ ಕೊಚ್ಚಿಕೊಳ್ಳುತ್ತಾನೆ, ಗಾಡಿ ನಿಂತಿರೋದೇ ನನ್ ಮೇಲೆ ಕಣೇ ಅಂಜಮ್ಮ, ಅಮ್ಮ ಬಿಡುತ್ತಾಳಾ, ನಿಂತ್ಕಳ್ದೆ ಏನು, ನಾನಿಕ್ಕಿದ ಮುದ್ದೆ ಎಲ್ಲಿಗೋಯ್ತದೆ. ತರಗತಿಯಲ್ಲಿ ಸರ್ ವೀಡಿಯೊ ತೋರಿಸಿದ್ದರು, ಹಿಂದೆ ಒಬ್ಬ ಹೀಗೇ ನಿಂತಿದ್ದಾನೆ, ನಗುತ್ತಲೂ ಇದ್ದಾನೆ, ಮುಂದೆ ಭಾರ ಜಾರುತ್ತದೆ, ಗಾಡಿ ಹಿಂದಕ್ಕೆ ನುಗ್ಗುತ್ತದೆ, ಗೋಡೆಗೂ ಗಾಡಿಗೂ ನಡುವೆ ಅವನು — ಅಲ್ಲಿಗೆ ಕಣ್ಣು ಮುಚ್ಚಿಕೊಂಡೆ, ಅಪ್ಪನದೇ ವಯಸ್ಸು, ಅಂಥದೇ ಬೆನ್ನು, ಆಮೇಲೆ ಊಟ ಸೇರಲಿಲ್ಲ.

ಎತ್ತು ಮಗ, ನಾನಿದೀನಿ, ಎಂಥ ಖುಷಿ ಆ ದನಿಯಲ್ಲಿ, ನಂಜುಂಡಯ್ಯನವರೂ ನಗುತ್ತಿದ್ದಾರೆ, ಅವರಿಗಿದು ದಿನನಿತ್ಯದ ನೋಟ, ಸರ್ ಮಾತ್ರ ಸೀಟಿಯನ್ನು ತುಟಿಗೆ ಇಟ್ಟುಕೊಂಡಿದ್ದಾರೆ, ಅದನ್ನು ಊದಿದರೆ ನಾನು ಫೇಲು, ಊದುವ ಮೊದಲು ಏನಾದರೂ ಮಾಡು, ಮಾಡುವುದೇನೋ ಗೊತ್ತು, ಆದರೆ ಎಲ್ಲರ ಎದುರಿಗೆ ಅಪ್ಪನನ್ನು ಹೇಗೆ ಇಳಿ ಅನ್ನಲಿ, ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಕಡಲೆಕಾಯಿ ಪರಿಷೆ ತೋರಿಸಿದವನನ್ನು — ಹೇಗಾದರೂ ಅನ್ನು, ಅವನು ಇರಬೇಕು ನನಗೆ, ಬೈದುಕೊಂಡಾದರೂ ಇರಬೇಕು. ಫೋರ್ಕ್ ನೆಲಕ್ಕೆ, ಬ್ರೇಕು ಎಳೆ, ಕೀಲಿ ತಿರುಗಿಸಿ ಕಿತ್ತುಕೋ. ಅಪ್ಪಾ ಇಳಿ. ಯಾಕ್ ಮಗ. ಇಳಿಯಪ್ಪಾ, ಹಿಂದೆ ಯಾರೂ ಹತ್ತೋ ಹಾಗಿಲ್ಲ, ಇವತ್ತೂ ಇಲ್ಲ, ಇನ್ಯಾವತ್ತೂ ಇಲ್ಲ. ಇಷ್ಟು ಜೋರಾಗಿ ಅನ್ನಬಾರದಿತ್ತು, ಸರ್ ಸೀಟಿ ಇಳಿಸಿದರು, ಭಾರ ನೋಡ್ದೆ ಎತ್ತಿದ್ದು ತಪ್ಪು, ನಿಲ್ಸಿದ್ದು ಸರಿ, ಎರಡೇ ಹಾಕಿಸ್ಕೊಂಡು ಮತ್ತೆ ಎತ್ತಮ್ಮ, ನಂಜುಂಡಯ್ಯನವರು ತಲೆಯಾಡಿಸುತ್ತಿದ್ದಾರೆ, ಸರಿ ಬಿಡಿ, ಹಂಗಾದ್ರೆ ನಾಳೆಯಿಂದ ಹಿಂದೆ ಹತ್ತೋಕೆ ಅಂತ ಆಳು ಬೇಕಾಗಲ್ಲ, ಎಷ್ಟು ಸಲೀಸಾಗಿ ಅಂದುಬಿಟ್ಟರು, ಅಪ್ಪನ ಕೆಲಸವೇ ಹೋಗುತ್ತದೆಂದು ನನಗೆ ಯಾಕೆ ಹೊಳೆಯಲಿಲ್ಲ, ಗಾಡಿ ಅಲುಗಿತು, ಅಪ್ಪ ಇಳಿದ, ಕೋಪ ಮಾಡಿಕೊಳ್ಳಲಿ ದೇವರೇ, ಒಂದು ಮಾತು ಬೈಯಲಿ — ಅವನು ಮೆಲ್ಲಗೆ ಕೇಳುತ್ತಿದ್ದಾನೆ, ಹಂಗಾದ್ರೆ ನಾನೆಲ್ಲಿ ನಿಂತ್ಕೊಳ್ಲಿ ಮಗ, ಕನ್ನಡಿಯಲ್ಲಿ ಅವನ ಪಾದಗಳು, ಮುಂದಿಡುವುದೋ ಹಿಂದಿಡುವುದೋ ತಿಳಿಯದೆ, ಒಂದು ಹಳದಿ ಗೆರೆಯ ಆಚೆ, ಒಂದು ಈಚೆ, ಅಪ್ಪನ ಪಾದಗಳು, ಒಂದು ಆಚೆ, ಒಂದು ಈಚೆ —