ದೇವರ ಸಾಲು

"ಕಡೀ ನುಡೀಗಿ ಆಕೀದು ತೆಗೀರಿ ಭಾಯ್. ಆ ಸಾಲು ನಾನೇ ಹಾಡ್ತೇನಿ."

ಕಾಂತಾಬಾಯಿ ಹೀಗೆಂದಾಗ ಶರಫೋದ್ದೀನ ಕಂಪ್ಯೂಟರಿನಿಂದ ಮುಖ ತಿರುಗಿಸಿದ. ಬೀದರಿನ ಚಿದ್ರಿಯ ಆ ಸಣ್ಣ ಕೋಣೆಯಲ್ಲಿ ಅವನು ಹಾಡುಗಳನ್ನು ಧ್ವನಿಮುದ್ರಿಸುತ್ತಿದ್ದ.

"ಯಾಕ್ರಿ ಬಾಯಿ? ಛಲೋ ಹಾಡ್ಯಾಳಲ್ಲ?"

"ಕಡೀಗಿ ದನಿ ದಣದದ."

"ಒಮ್ಮಿ ಹಾಡಿದ್ದೇ ಎಲ್ಲಾ ನುಡೀಗೂ ಹಚ್ಚೀನ್ರಿ. ಕಡೀಗಷ್ಟೇ ಹ್ಯಾಂಗ ದಣೀತದ?" ಎಂದು ಅವನು ನಕ್ಕ.

ಕಾಂತಾಬಾಯಿ ಸೆರಗು ಸರಿಪಡಿಸಿಕೊಂಡಳು. "ಹೇಳಿದಷ್ಟು ಮಾಡ್ರಿ."

ಎರಡು ವರ್ಷ ಮಳೆಯಾಗಿರಲಿಲ್ಲ. ಚಿಂತಾಕಿ ಊರಿನ ಭಜನಾ ಮಂಡಳಿಯ ಅರ್ಧ ಜನ ಕಟ್ಟಡದ ಕೆಲಸಕ್ಕೆಂದು ಹೈದರಾಬಾದಿಗೆ ಹೊರಟಿದ್ದರು. ಕಾರ್ತಿಕದಲ್ಲಿ ಗುಡಿ ಸುಮ್ಮನಿರಬಾರದೆಂದು ಉಳಿದವರು ಹಾಡನ್ನು ಧ್ವನಿಮುದ್ರಿಸಿಡಲು ನಿಶ್ಚಯಿಸಿದರು. "ಬಾಗಿಲ ತೆಗಿಯೋ ವಿಠಲಾ" ಎಂದು ಕರೆಯುವ ನುಡಿಗಳೆಲ್ಲ ಕಾಂತಾಬಾಯಿಯವು. ಪ್ರತಿ ನುಡಿಯ ಕೊನೆಗೆ "ಬಂದೆ ತಾಯಿ, ಬಂದೆ" ಎಂಬ ದೇವರ ಒಂದು ಸಾಲು ಸಖುಬಾಯಿಯದು. ಕಾಂತಾಬಾಯಿ ಎಷ್ಟು ಕರೆದರೂ ಜನರ ಕಣ್ಣು ಒದ್ದೆಯಾಗುತ್ತಿದ್ದುದು ಆ ಒಂದು ಸಾಲಿಗೆ. ಹೈದರಾಬಾದಿನ ಬಸ್ಸು ಹತ್ತುವ ಮುನ್ನ ಸಖುಬಾಯಿ ಇಲ್ಲಿಗೆ ಬಂದು ಅದನ್ನು ಹಾಡಿಟ್ಟು ಹೋಗಿದ್ದಳು.

ಕಾಂತಾಬಾಯಿ ಕಣ್ಣು ಮುಚ್ಚಿ ಆ ಸಾಲು ಹಾಡಿದಳು. ಶರಫೋದ್ದೀನ ಹಾಡನ್ನು ಮೊದಲಿನಿಂದ ಹಚ್ಚಿದ. ಮೊದಲ ನುಡಿ ಮುಗಿಯಿತು. "ಬಂದೆ ತಾಯಿ" ಎಂದದ್ದು ಅವಳದೇ ದನಿ. ಎರಡನೆಯದಕ್ಕೂ ಅದೇ. ತಾನೇ ಕರೆದು ತಾನೇ ಓಗೊಟ್ಟಂತಿತ್ತು.

ಅವನು ಹಣೆ ಬಡಿದುಕೊಂಡ. "ಮರ್ತೇಬಿಟ್ಟೆ ನೋಡ್ರಿ. ಈ ತುಣುಕೆಲ್ಲಾ ಒಂದಕ್ಕೊಂದು ಕೂಡಿಸೀನಿ. ಒಂದು ಬದಲಾದ್ರ ಎಲ್ಲಾ ಬದಲಾಗ್ತಾವ. ತಡೀರಿ, ಬಿಡಸ್ತೇನಿ."

"ಇರ್ಲಿ," ಎಂದಳು ಕಾಂತಾಬಾಯಿ. "ಹಿಂಗೇ ಇರ್ಲಿ."

ಅವನು ಅವಳನ್ನೇ ನೋಡಿದ. ಅಷ್ಟರಲ್ಲಿ ಅವಳ ಫೋನು ರಿಂಗಾಯಿತು.

"ಅಕ್ಕಾ, ಹಾಡ ಆಯ್ತೇನ?" ಸಖುಬಾಯಿಯ ದನಿಯ ಹಿಂದೆ ಕಾಂಕ್ರೀಟು ಕಲೆಸುವ ಯಂತ್ರದ ಸದ್ದಿತ್ತು. "ಜರಾ ಕೇಳಸ. ನಾ ಹಾಡೀನಿ ಅಂದ್ರ ಇಲ್ಲಿ ಯಾರೂ ನಂಬವಲ್ರು. ಎಲ್ಲಾರಿಗೂ ಕರ್ದು ಕೂಡ್ಸೀನಿ."

ಬೇರೆ ದಾರಿ ಕಾಣದೆ ಕಾಂತಾಬಾಯಿ ಸ್ಪೀಕರಿಗೆ ಫೋನು ಹಿಡಿದಳು. ಶರಫೋದ್ದೀನ ಹಾಡು ಹಚ್ಚಿದ. ಒಂದು ನುಡಿಯಾಯಿತು, ಎರಡಾಯಿತು. ಆ ಕಡೆ ಯಾರೋ ನಕ್ಕರು.

"ಅಕ್ಕಾ, ನಂದು ಎಲ್ಲಿ ಬರ್ತದ?"

ಕಾಂತಾಬಾಯಿ ಫೋನಿನತ್ತ ಬಾಗಿದಳು.

"ಮುಂದ... ಮುಂದ ಬರ್ತದ ತಡಿ."

ಅವಳು ಶರಫೋದ್ದೀನನ ಕಡೆ ನೋಡಿ, ಮಾತಾಡದೆ, ಮೊದಲಿದ್ದಂತೆ ಮಾಡಲು ಕೈ ತಿರುವಿ ತೋರಿಸಿದಳು. ಅವನು ಒಂದು ಗುಂಡಿ ಒತ್ತಿದ.

ನುಡಿ ಮುಗಿಯಿತು. "ಬಂದೆ ತಾಯಿ, ಬಂದೆ." ಸಖುಬಾಯಿಯ ದನಿ ಕೋಣೆ ತುಂಬಿತು. ಅದು ಇವತ್ತೂ ಕಾಂತಾಬಾಯಿಯ ದನಿಗಿಂತ ಚೆನ್ನಾಗಿಯೇ ಇತ್ತು.

ಆ ಕಡೆ ಯಾರೋ ಯಂತ್ರ ನಿಲ್ಲಿಸಿದರು. ಯಾರೂ ನಗಲಿಲ್ಲ.

ಹಾಡು ಮುಗಿಯಲು ಇನ್ನೂ ಹೊತ್ತಿತ್ತು. ಕಾಂತಾಬಾಯಿಯ ರಟ್ಟೆ ನೋಯತೊಡಗಿತು. ಅವಳು ಫೋನು ಕೆಳಗಿಳಿಸದೆ, ಇನ್ನೊಂದು ಕೈಯನ್ನು ಮೊಣಕೈಗೆ ಆಸರೆಯಾಗಿ ಕೊಟ್ಟು ನಿಂತಳು.