ಕ್ರೇನಮ್ಮನ ಹೊಟ್ಟೆಗೊಂದು ಪಟ್ಟಿ

ಬಂದರಿನ ಗೇಟಿನ ಪಕ್ಕದ ಗಾಜಿನ ಗೂಡಿನಲ್ಲಿ ಕೂತು ಒಳಬರುವ ಲಾರಿಗಳಿಗೆ ಚೀಟಿ ಕೊಡುವುದು ಕೆಟ್ಟ ಕೆಲಸವೇನಲ್ಲ. ನೆರಳಿದೆ, ಫ್ಯಾನಿದೆ, ಕೂರಲು ಅಗಲವಾದ ಕುರ್ಚಿಯೂ ಇದೆ. ಆದರೆ ಹದಿನಾಲ್ಕು ವರ್ಷ ಹತ್ತು ಮಹಡಿ ಎತ್ತರದಲ್ಲಿ ಕೂತು, ಕೋಣೆಯಷ್ಟು ದೊಡ್ಡ ಕಬ್ಬಿಣದ ಪೆಟ್ಟಿಗೆಗಳನ್ನು ಹಡಗಿನಿಂದ ಎತ್ತಿ ಲಾರಿಯ ಬೆನ್ನ ಮೇಲೆ ಮೊಟ್ಟೆ ಇಟ್ಟ ಹಾಗೆ ಇಟ್ಟವಳಿಗೆ ಅದು ಕಟ್ಟಿಹಾಕಿದ ಹಾಗೆ. ಬಂದರಿನಲ್ಲಿ ಎಲ್ಲರೂ ಅವಳನ್ನು ಕ್ರೇನಮ್ಮ ಎಂದು ಕರೆಯುತ್ತಿದ್ದರು. ಕ್ರೇನಿನಿಂದ ಇಳಿಸಿದ ಮೇಲೂ ಹಾಗೆಯೇ ಕರೆಯುತ್ತಿದ್ದುದು ಅವಳ ಹೊಟ್ಟೆ ಉರಿಸುತ್ತಿತ್ತು.

ಅವಳನ್ನು ಇಳಿಸಿದ್ದು ಒಂದು ಬೆಲ್ಟು. ಆ ಹಳೆಯ ಕ್ರೇನಿಗೆ ಲಿಫ್ಟ್ ಇಲ್ಲ, ಏಣಿಯೇ ಗತಿ. ಏಣಿ ಹತ್ತುವವರು ಎದೆ, ತೊಡೆ ಸುತ್ತಿ ಬರುವ ಸುರಕ್ಷಾ ಬೆಲ್ಟು ಹಾಕಿಕೊಳ್ಳಬೇಕು. ಕೈ ಜಾರಿದರೆ ಅದು ಹಿಡಿದು ನಿಲ್ಲಿಸುತ್ತದೆ, ಹತ್ತುವವರ ತೂಕ ನೂರು ಕಿಲೋ ಮೀರದಿದ್ದರೆ. ಹಿಂದಿನ ವರ್ಷದವರೆಗೆ ಇದನ್ನು ಯಾರೂ ತಲೆಗೆ ಹಚ್ಚಿಕೊಂಡಿರಲಿಲ್ಲ. ಹೊಸದಾಗಿ ಬಂದ ಬಂದರಿನ ಡಾಕ್ಟರು ಎಲ್ಲರನ್ನೂ ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ಕ್ರೇನಮ್ಮ ನಿಂತಾಗ ಮುಳ್ಳು ನೂರಿಪ್ಪತ್ತೆಂಟಕ್ಕೆ ಹೋಗಿ ನಿಂತಿತು. ಅವಳು ವಾದ ಮಾಡಲಿಲ್ಲ. ಕ್ರೇನಿನ ಕೊಂಡಿಗೆ ಇಷ್ಟೇ ಭಾರ ಎಂದು ಬರೆದಿದ್ದರೆ ಅಷ್ಟೇ ಭಾರ. ಆ ಲೆಕ್ಕವನ್ನು ಜೀವನಪೂರ್ತಿ ಪಾಲಿಸಿದವಳು ತನ್ನ ಸರದಿ ಬಂದಾಗ ಬೇರೆ ಲೆಕ್ಕ ಹೇಳುವುದು ಹೇಗೆ?

ತೂಕ ಇಳಿಸಲು ಅವಳು ಮಾಡದ ಸಾಹಸವಿಲ್ಲ. ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಟಿಕೊಂಡು ಒಂದು ತಿಂಗಳು ಸೌತೆಕಾಯಿ ತಿಂದಳು. ಬೆಳಗಿನ ಜಾವ ನಡೆದಳು, ಮಂಡಿ ಊದಿಸಿಕೊಂಡಳು. ಎಂಟು ಕಿಲೋ ಹೋಯಿತು, ಒಂಬತ್ತು ಕಿಲೋ ವಾಪಸು ಬಂತು. ಕೊನೆಗೆ ಮಂಡಿ ನೋಡಿದ ವೈದ್ಯರೇ ಹೊಟ್ಟೆಗೆ ಪಟ್ಟಿ ಹಾಕುವ ಶಸ್ತ್ರಚಿಕಿತ್ಸೆಯ ಮಾತೆತ್ತಿದರು. ಆ ಮಾತು ತಿಂಗಳುಗಟ್ಟಲೆ ಅವಳ ಮನಸ್ಸಿನ ಮೂಲೆಯಲ್ಲಿ ಬಿದ್ದಿತ್ತು.

ಒಂದು ಮಧ್ಯಾಹ್ನ ಗೂಡಿನಲ್ಲಿ ಕೂತಿದ್ದಾಗ ಹಡಗುಕಟ್ಟೆಯ ಕಡೆಯಿಂದ ಧಡಾರ್ ಎಂದು ಸದ್ದು ಬಂತು. ಅವಳ ಜಾಗಕ್ಕೆ ತಾತ್ಕಾಲಿಕವಾಗಿ ಬಂದಿದ್ದವನು ಪೆಟ್ಟಿಗೆಯನ್ನು ಲಾರಿಯ ಮೇಲೆ ಇಟ್ಟಿರಲಿಲ್ಲ, ಕೆಡವಿದ್ದ. ಅಪಾಯವೇನೂ ಆಗಲಿಲ್ಲ. ಆದರೆ ಆ ಸದ್ದು ಅವಳ ದವಡೆಯೊಳಗೆ ಹೊಕ್ಕು ಕೂತುಬಿಟ್ಟಿತು. ಅಂದೇ ಸಂಜೆ ಆಸ್ಪತ್ರೆಗೆ ಹೋದಳು.

ಶಸ್ತ್ರಚಿಕಿತ್ಸೆಯ ವೈದ್ಯೆ ಹಾಳೆಯ ಮೇಲೆ ಹೊಟ್ಟೆಯ ಚಿತ್ರ ಬರೆದು, ಅದರ ಕತ್ತಿನ ಕೆಳಗೊಂದು ಬಳೆ ಎಳೆದರು. ರಬ್ಬರಿನಂಥ ಮೆತ್ತನೆಯ ಪಟ್ಟಿ. ಮೇಲೊಂದು ಪುಟ್ಟ ಚೀಲ, ಕೆಳಗೆ ಉಳಿದ ಹೊಟ್ಟೆ. ಚರ್ಮದಡಿ ಗುಂಡಿಯಂಥದ್ದೊಂದು ಇರುತ್ತದೆ, ಅದರೊಳಗೆ ಸೂಜಿಯಲ್ಲಿ ಉಪ್ಪುನೀರು ತುಂಬಿದರೆ ಪಟ್ಟಿ ಬಿಗಿಯಾಗುತ್ತದೆ, ತೆಗೆದರೆ ಸಡಿಲ. ಬೇಡವೆನಿಸಿದರೆ ಪಟ್ಟಿಯನ್ನೇ ಬಿಚ್ಚಿ ತೆಗೆಯಬಹುದು.

"ಇದು ಹಾಕಿಸ್ಕೊಂಡ್ರೆ ತೂಕ ತಾನಾಗೇ ಇಳಿದ್ಬಿಡುತ್ತಾ?" ಎಂದು ಅವಳು ಕೇಳಿದಳು.

"ತಾನಾಗೇ ಇಳಿಯೋ ಹಾಗಿದ್ರೆ ನಾನೂ ಹಾಕಿಸ್ಕೊಳ್ತಿದ್ದೆ ಕಣಮ್ಮ," ಎಂದರು ವೈದ್ಯೆ. "ಸ್ವಲ್ಪಕ್ಕೇ ತುಂಬಿತು ಅಂತ ಇದು ಹೇಳುತ್ತೆ. ಕೇಳಿಸ್ಕೊಳ್ಳೋದು ನಿಮ್ಮ ಕೆಲಸ."

ಮನೆಯಲ್ಲಿ ಗಂಡ ಶಾಲೆಯ ಉತ್ತರಪತ್ರಿಕೆಗಳಿಂದ ತಲೆಯೆತ್ತಿ, "ಹೊರಗಿನ ಬೆಲ್ಟು ತಡೆಯಲ್ಲ ಅಂತ ಒಳಗೊಂದು ಬೆಲ್ಟು ಹಾಕಿಸ್ಕೊಳ್ತೀಯಾ?" ಎಂದ. ಭೂಗೋಳದ ಮೇಷ್ಟ್ರು, ಎಲ್ಲದಕ್ಕೂ ಅವನದೊಂದು ಕೊಂಕು ಇರಲೇಬೇಕು. ಆಮೇಲೆ ಕೆಂಪು ಪೆನ್ನು ಕೆಳಗಿಟ್ಟು, "ನೋವಾಗುತ್ತೇನೇ?" ಎಂದು ಮೆಲ್ಲಗೆ ಕೇಳಿದ.

ಅತ್ತೆಯದು ಬೇರೆಯೇ ರಾಗ. ಮೂವತ್ತು ವರ್ಷ ಕಾಲೇಜು ಹಾಸ್ಟೆಲಿನ ಅಡುಗೆಮನೆ ಆಳಿ ನಿವೃತ್ತಳಾದವಳು ಅವಳು. ತಟ್ಟೆಯಲ್ಲಿ ತುತ್ತು ಉಳಿದರೆ ತನಗೆ ಕೆನ್ನೆಗೆ ಹೊಡೆದಂತೆ ಅಂದುಕೊಂಡ ಜೀವ.

"ಚೆನ್ನಾಗಿರೋ ಹೊಟ್ಟೆಗೆ ಕತ್ತರಿ ಹಾಕಿಸ್ಕೊಳ್ಳೋರನ್ನ ನಾನೆಲ್ಲೂ ಕಂಡಿಲ್ಲ. ಆ ಗೂಡಲ್ಲೇ ಆರಾಮಾಗಿ ಕೂತಿರೋಕೇನು ದಾಡಿ?"

"ಕತ್ತರಿ ಅಲ್ಲ ಅತ್ತೆ, ಪಟ್ಟಿ."

"ಕತ್ತು ಹಿಸುಕೋದಕ್ಕೆ ಹಗ್ಗ ಆದ್ರೇನು, ಪಟ್ಟಿ ಆದ್ರೇನು!"

ಎರಡು ದಿನ ಅತ್ತೆ ಮುಖ ಊದಿಸಿಕೊಂಡಿದ್ದಳು. ಮೂರನೆಯ ದಿನ ಆಸ್ಪತ್ರೆಗೆ ಒಯ್ಯುವ ಚೀಲಕ್ಕೆ ಬಟ್ಟೆ ಮಡಿಸಿಟ್ಟವಳೂ ಅವಳೇ.

ಶಸ್ತ್ರಚಿಕಿತ್ಸೆ ಸಲೀಸಾಗಿ ಮುಗಿಯಿತು. ಹೊಟ್ಟೆಯ ಮೇಲೆ ಬೆರಳುಗುರಿನಷ್ಟು ಉದ್ದದ ಐದಾರು ಗಾಯ, ಹೊಟ್ಟೆ ಉಬ್ಬಿಸಲು ತುಂಬಿದ್ದ ಗಾಳಿಯಿಂದ ಭುಜದಲ್ಲೊಂದು ವಿಚಿತ್ರ ನೋವು, ಅಷ್ಟೇ. ಮೊದಲು ಬರೀ ನೀರಿನಂಥದ್ದು, ಆಮೇಲೆ ಕೆಲವು ವಾರ ನುಣ್ಣಗೆ ಅರೆದದ್ದು, ಆಮೇಲೆ ಮೆತ್ತನೆಯದು, ಕೊನೆಗೆ ಗಟ್ಟಿ ಊಟ ಎಂದು ಆಸ್ಪತ್ರೆಯವರು ಹೇಳಿ ಕಳಿಸಿದರು. ಅರೆದದ್ದು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಅತ್ತೆಯ ಕಣ್ಣು ಮಿನುಗಿತು. ಅಟ್ಟದ ಮೇಲಿದ್ದ ದೊಡ್ಡ ಮಿಕ್ಸಿ ಕೆಳಗಿಳಿಯಿತು. ಮೀನು, ಬಟಾಣಿ, ಆಲೂಗಡ್ಡೆ, ಮೊಟ್ಟೆ, ಏನು ಹಾಕಿದರೂ ಈ ಕಡೆ ರೇಷ್ಮೆಯಂತೆ ಹೊರಬರುತ್ತಿತ್ತು. ಸೊಸೆ ಅರ್ಧ ಲೋಟ ಕುಡಿದು ಸಾಕೆನ್ನುತ್ತಿದ್ದಳು. ತೂಕ ಸರಸರನೆ ಇಳಿಯಿತು. ಅತ್ತೆ ಬೀದಿಯವರಿಗೆಲ್ಲ, "ನಮ್ಮ ಮಿಕ್ಸಿ ಇಳಿಸ್ತಾ ಇದೆ," ಎಂದು ಹೇಳಿಕೊಂಡು ಬಂದಳು.

ಗಟ್ಟಿ ಊಟದ ಮೊದಲ ದಿನ ಮಾತ್ರ ಎಡವಟ್ಟಾಯಿತು. ಹತ್ತು ನಿಮಿಷದ ಬಿಡುವಿನಲ್ಲಿ ಊಟ ಮುಗಿಸಿ ಅಭ್ಯಾಸವಾದ ಕ್ರೇನಮ್ಮ, ಬ್ರೆಡ್ಡಿನ ದೊಡ್ಡ ತುಂಡೊಂದನ್ನು ಹಳೆಯ ವೇಗದಲ್ಲೇ ನುಂಗಿದಳು. ಅದು ಎದೆಯ ನಡುವೆ ಕಲ್ಲಿನಂತೆ ಕೂತಿತು. ಕಣ್ಣಲ್ಲಿ ನೀರು, ಬಾಯಿತುಂಬ ಜೊಲ್ಲು. ಅಡುಗೆಮನೆಯ ಸಿಂಕಿಗೆ ಓಡಿ ವಾಪಸು ತೆಗೆದಾಗಲೇ ಉಸಿರು ಬಂದದ್ದು. ಅತ್ತೆ ಸೊಸೆಯ ಬೆನ್ನು ಸವರುತ್ತಾ, "ಬೇಡಮ್ಮ, ಬೇಡ. ನಾನಿರೋವಾಗ ನೀನ್ಯಾಕೆ ಅಗೀಬೇಕು?" ಎಂದಳು.

ಮಿಕ್ಸಿ ಮತ್ತೆ ಶುರುವಾಯಿತು. ಈ ಸಲ ಅರ್ಧ ಲೋಟಕ್ಕೆ ನಿಲ್ಲಲಿಲ್ಲ. ಸುಲಭವಾಗಿ ಇಳಿಯುತ್ತಿತ್ತು, ರುಚಿಯಾಗಿಯೂ ಇತ್ತು. ಬಾದಾಮಿ, ಕೆನೆ, ಜೇನು, ಬಾಳೆಹಣ್ಣು ಎಲ್ಲ ಸೇರತೊಡಗಿದವು. ಗಂಟಲಲ್ಲಿ ಸಿಕ್ಕಿಕೊಳ್ಳುವ ಭಯವಿಲ್ಲ ಎಂದು ಸೊಸೆಯೂ ಲೋಟದ ಮೇಲೆ ಲೋಟ ಏರಿಸಿದಳು. ಇಷ್ಟು ಕುಡಿಯಬಹುದೇ ಎಂದು ಒಳಗೊಳಗೇ ಅನುಮಾನವಿತ್ತು, ಆದರೆ ಯಾರನ್ನೂ ಬಾಯಿಬಿಟ್ಟು ಕೇಳುವ ಧೈರ್ಯವಿರಲಿಲ್ಲ.

ನೂರಾನಾಲ್ಕಕ್ಕೆ ಬಂದ ತೂಕ ಅಲ್ಲೇ ಬೇರುಬಿಟ್ಟಿತು. ಜಪ್ಪಯ್ಯ ಎಂದರೂ ಅಲುಗಲಿಲ್ಲ. ಹೀಗಿರುವಾಗಲೇ ಬಂದರಿನ ಮೇಲ್ವಿಚಾರಕರು ಗೂಡಿನ ಬಳಿ ಬಂದರು.

"ಕ್ರೇನಮ್ಮ, ಆ ತಾತ್ಕಾಲಿಕದವನು ಬಿಟ್ಟು ಹೋಗ್ತಾನಂತೆ. ಮುಂದಿನ ತಿಂಗಳು ನಿಮಗೆ ತೂಕ ಪರೀಕ್ಷೆ. ಪಾಸಾದ್ರೆ ಕ್ರೇನು ನಿಮ್ಮದೇ. ಇಲ್ಲಾಂದ್ರೆ ಹೊರಗಿನವರನ್ನ ಕಾಯಂ ಮಾಡಬೇಕಾಗುತ್ತೆ. ಆಮೇಲೆ ನನ್ನ ಕೈಲೂ ಏನೂ ಇರಲ್ಲ."

ಮರುದಿನವೇ ಅವಳು ಆಸ್ಪತ್ರೆಗೆ ಹೊರಟಳು. ಪಟ್ಟಿ ಸಡಿಲಾಗಿರಬೇಕು, ಬಿಗಿ ಮಾಡಿಸಿದರೆ ಆಯಿತು ಎಂಬುದು ಅವಳ ಎಣಿಕೆ. ಅತ್ತೆಯೂ ಜೊತೆಗೆ ಬಂದಳು. ಪಟ್ಟಿಯ ರೋಗಿಗಳನ್ನು ನೋಡಿಕೊಳ್ಳುವ ನರ್ಸು ತೂಕ ನೋಡಿ ಹುಬ್ಬೇರಿಸಿ, "ದಿನಾ ಏನೇನು ತಿಂತೀರಿ?" ಎಂದು ಕೇಳಿದಳು.

ಸೊಸೆ ಬಾಯಿ ತೆರೆಯುವ ಮೊದಲೇ ಅತ್ತೆ ಶುರುಮಾಡಿದಳು. "ತಿನ್ನೋದೇನು ಬಂತು ಸಿಸ್ಟರ್, ಪಾಪ! ಎಲ್ಲಾ ಕುಡಿಯೋದೇ. ಬೆಳಗ್ಗೆ ಬಾದಾಮಿ ಅರೆದ ಹಾಲು, ಎರಡು ಲೋಟ. ಮಧ್ಯಾಹ್ನ ಮೀನು ಆಲೂಗಡ್ಡೆ ರುಬ್ಬಿ ಒಂದು ಫ್ಲಾಸ್ಕು ಕಟ್ಟಿಕೊಡ್ತೀನಿ, ಮೇಲೆ ಸ್ವಲ್ಪ ಬೆಣ್ಣೆ. ಸಾಯಂಕಾಲ ಬಾಳೆಹಣ್ಣು, ಕೆನೆ, ಜೇನುತುಪ್ಪ. ಒಂದು ಗಂಟು ಇರಬಾರದು ನೋಡಿ, ಎರಡು ಸಲ ಸೋಸ್ತೀನಿ!"

ನರ್ಸು ತುಟಿ ಕಚ್ಚಿಕೊಂಡಳು. ಆದರೂ ನಗು ಮೂಗಿನಿಂದ ಹೊರಬಂತು. "ಅಮ್ಮಾ, ನೀವು ಇವರ ಹೊಟ್ಟೆಗೆ ಕಳ್ಳದಾರಿ ಮಾಡಿಕೊಟ್ಟಿದ್ದೀರಿ!"

"ಏನಂದ್ರಿ?"

"ಪಟ್ಟಿ ತಡೆಯೋದು ಗಟ್ಟಿ ಊಟಾನ. ನಿಧಾನಕ್ಕೆ ಇಳಿದ್ರೆ ಹೊಟ್ಟೆ ತುಂಬಿದ ಹಾಗಿರುತ್ತೆ. ನೀರಾಗಿರೋದು ಜರ್ರ್ ಅಂತ ಇಳಿದು ಹೋಗುತ್ತೆ. ಮನೆಯವರೆಲ್ಲ ತಿನ್ನೋವಷ್ಟನ್ನ ಇವರೊಬ್ಬರೇ ಕುಡೀಬಹುದು."

"ಹಾಗಾದ್ರೆ ಇನ್ನೊಂಚೂರು ಬಿಗಿ ಮಾಡ್ಬಿಡಿ," ಎಂದಳು ಕ್ರೇನಮ್ಮ.

"ಬಿಗಿ ಮಾಡಿದ್ರೆ ಗಟ್ಟಿ ಊಟ ಇನ್ನೂ ಇಳಿಯಲ್ಲ. ನಿಮ್ಮತ್ತೆ ಮೂರು ಸಲ ಸೋಸ್ತಾರೆ. ಬಿಗಿ ಮಾಡಬೇಕಾಗಿರೋದು ಪಟ್ಟೀನ ಅಲ್ಲ." ನರ್ಸು ಅವಳ ಕೈ ಮುಟ್ಟಿದಳು. "ಉಗುರಿನಷ್ಟು ತುತ್ತು, ಚೆನ್ನಾಗಿ ಅಗಿದು. ಒಂದು ಊಟಕ್ಕೆ ಅರ್ಧ ಗಂಟೆ ಆಗ್ಲಿ, ಅವಸರ ಬೇಡ."

ಬಸ್ಸಿನಲ್ಲಿ ಅತ್ತೆ ಕಿಟಕಿಯ ಕಡೆ ತಿರುಗಿಕೊಂಡು ಕೂತಳು. ಮನೆಯಲ್ಲಿ ಸಂಜೆಯಾಗುತ್ತಲೇ ಮಿಕ್ಸಿಯ ಸದ್ದು ಕೇಳಿತು. ಲೋಟ ಮೇಜಿನ ಮೇಲೆ ಬಂತು, ನೊರೆ ಸಮೇತ.

ಈ ಮನೆಗೆ ಬಂದ ಹದಿನೇಳು ವರ್ಷಗಳಲ್ಲಿ ಕ್ರೇನಮ್ಮ ಅತ್ತೆ ಕೊಟ್ಟದ್ದನ್ನು ಒಮ್ಮೆಯೂ ಬೇಡ ಎಂದವಳಲ್ಲ. ಈಗ ಲೋಟವನ್ನು ಮೆಲ್ಲಗೆ ಆಚೆ ಸರಿಸಿದಳು.

"ಬೇಡ ಅತ್ತೆ."

ಗಂಡ ಉತ್ತರಪತ್ರಿಕೆಯನ್ನು ಮುಖಕ್ಕೆ ಇನ್ನಷ್ಟು ಹತ್ತಿರ ಹಿಡಿದುಕೊಂಡ.

"ನನ್ನ ಕೈ ಊಟ ಬೇಡವಾಯ್ತಾ?"

"ನಿಮ್ಮ ಕೈ ಊಟ ಬೇಕು. ಅಗಿಯೋ ಊಟ ಬೇಕು. ನನಗೆ ವಾಪಸು ಮೇಲೆ ಹೋಗಬೇಕು ಅತ್ತೆ."

ಅತ್ತೆ ಕುರ್ಚಿ ಎಳೆದು ಕೂತಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. "ನಿಜ ಹೇಳ್ಲಾ? ನೀನು ಕೆಳಗಿದ್ದ ಈ ಒಂದು ವರ್ಷ ನಾನು ಕಣ್ತುಂಬ ನಿದ್ದೆ ಮಾಡಿದ್ದೀನಿ. ಮೊದಲೆಲ್ಲ ಹೊರಗೆ ಗಾಳಿ ಬೀಸಿದ್ರೆ ಸಾಕು, ಈ ಹುಡುಗಿ ಆ ತುದೀಲಿ ತೂಗಾಡ್ತಿದ್ದಾಳಲ್ಲಪ್ಪಾ ಅಂತ ಜೀವ ಬಾಯಿಗೆ ಬರೋದು. ಬೇಕು ಅಂತ ದಪ್ಪ ಮಾಡ್ಲಿಲ್ಲ ಕಣೇ, ಆಣೆಗೂ. ಆದ್ರೆ ತೂಕ ನಿಂತಾಗ ನನಗೆ ಅಷ್ಟೇನೂ ಬೇಜಾರಾಗ್ಲಿಲ್ಲ."

"ಗಾಳಿ ಜೋರಾದ್ರೆ ಅಲಾರಂ ಹೊಡ್ಕೊಳ್ಳುತ್ತೆ ಅತ್ತೆ. ಕ್ರೇನಿಗೆ ಬೀಗ ಹಾಕಿ ಇಳಿದು ಬಂದ್ಬಿಡ್ತೀವಿ. ಕೆಳಗೆ ಕೂತು ಚಹಾ ಕುಡೀತಿರ್ತೀವಿ."

ಅತ್ತೆ ಅವಳನ್ನೇ ದಿಟ್ಟಿಸಿದಳು. "ಚಹಾ ಕುಡೀತಿರ್ತೀರಾ?"

"ಹೂಂ."

"ನಾನಿಲ್ಲಿ ಮಡಿಲಲ್ಲಿ ಕೆಂಡ ಕಟ್ಟಿಕೊಂಡು ಕೂತಿದ್ರೆ ನೀನಲ್ಲಿ ಚಹಾ ಕುಡೀತಿದ್ದೆ! ಹದಿನಾಲ್ಕು ವರ್ಷದಲ್ಲಿ ಒಂದಿನ ಹೇಳೋಕಾಗ್ಲಿಲ್ವೇನೇ ನಿನಗೆ?"

"ನೀವು ಕೇಳ್ಲಿಲ್ವಲ್ಲ!"

ಗಂಡ ಪತ್ರಿಕೆಯ ಹಿಂದಿನಿಂದ ಕಿಸಕ್ಕೆಂದು ನಕ್ಕ. ಅತ್ತೆ ಲೋಟವನ್ನು ಅವನ ಮುಂದೆ ಕುಕ್ಕಿದಳು. "ಹಲ್ಲು ಕಿರೀತೀಯಲ್ಲ, ನೀನೇ ಕುಡಿ." ಅವನು ಗುಟುಕರಿಸಿ ಮೀಸೆ ಒರೆಸಿಕೊಂಡು, ಇಷ್ಟು ದಿನ ತನಗ್ಯಾಕೆ ಇದನ್ನು ಕೊಟ್ಟಿರಲಿಲ್ಲ ಎಂದು ತಗಾದೆ ತೆಗೆದ.

ಮರುದಿನದಿಂದ ಅಗಿಯುವ ಪಾಠ. ಹಾಸ್ಟೆಲಿನಲ್ಲಿ "ಬೇಗ ತಿಂದು ಏಳ್ರೋ" ಎಂದು ಗದರುತ್ತಿದ್ದ ಅತ್ತೆ ಈಗ ಸೊಸೆಯ ಎದುರು ಕೂತು, ತಾನೂ ಚಿಕ್ಕ ತುತ್ತು ಮಾಡಿಕೊಂಡು, ಅವಳು ನುಂಗುವವರೆಗೆ ಮುಂದಿನದನ್ನು ಮುಟ್ಟುತ್ತಿರಲಿಲ್ಲ. ಬೇಯಿಸಿದ ಮೀನು, ಮೃದುವಾದ ಕೋಳಿ, ಹದವಾಗಿ ಬೆಂದ ತರಕಾರಿ. ಬ್ರೆಡ್ಡು ಮಾತ್ರ ಅವಳಿಗೆ ಒಗ್ಗಲೇ ಇಲ್ಲ. ಊಟದ ನಡುವೆ ನೀರು ಕುಡಿಯಬಾರದು ಎಂಬುದೂ ಬಲು ಕಷ್ಟವಾಯಿತು. ಎರಡು ಸಲ ಮತ್ತೆ ಸಿಂಕಿಗೆ ಓಡಿದಳು. ಅವಸರಪಟ್ಟ ದಿನಗಳೇ ಅವು ಎಂದು ಆಮೇಲೆ ಗೊತ್ತಾಯಿತು. ಆದರೆ ಅರ್ಧ ಬಟ್ಟಲಿಗೇ ಸಾಕೆನ್ನಿಸಿ, ಆ ಸಾಕು ಸಂಜೆಯವರೆಗೂ ಉಳಿದ ದಿನ ಅವಳು ತನ್ನ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಆಶ್ಚರ್ಯಪಟ್ಟಳು. ಇಷ್ಟು ವರ್ಷಗಳಲ್ಲಿ ಅದು ಅವಳೊಡನೆ ಮಾತಾಡಿದ್ದೇ ಮೊದಲು.

ಪರೀಕ್ಷೆಯ ಬೆಳಿಗ್ಗೆ ಬಂದರಿನ ಡಾಕ್ಟರು ಯಂತ್ರ ತೋರಿಸಿದರು.

"ಶೂ ಬಿಚ್ಚಲಾ ಡಾಕ್ಟ್ರೇ?"

"ಬರಿಗಾಲಲ್ಲಿ ಏಣಿ ಹತ್ತುತ್ತೀರಾ?"

ಅವಳು ಶೂ ಸಮೇತ, ಉಸಿರು ಬಿಗಿಹಿಡಿದು ನಿಂತಳು. ಮುಳ್ಳು ನೂರನ್ನು ಮೂಸಿ ನೋಡಿ, ಹಿಂದೆ ಸರಿದು ತೊಂಬತ್ತೆಂಟೂವರೆಯಲ್ಲಿ ನಿಂತಿತು. ಡಾಕ್ಟರು ಸಹಿ ಹಾಕುತ್ತಾ, "ಇನ್ನು ಉಸಿರು ಬಿಡಿ. ಅದಕ್ಕೇನೂ ತೂಕ ಇಲ್ಲ," ಎಂದರು.

ಏಣಿ ಹತ್ತುವುದು ಮೊದಲಿನಷ್ಟು ಸುಲಭವಿರಲಿಲ್ಲ, ಮಂಡಿ ಎರಡು ಕಡೆ ತಕರಾರು ತೆಗೆಯಿತು. ಮೇಲಿನ ಕ್ಯಾಬಿನ್ ಮಾತ್ರ ಕಾದು ಕೂತಂತಿತ್ತು. ಕೆಳಗೆ ಕಟ್ಟೆಯ ಮೇಲೆ ನಿಂತು ಸನ್ನೆ ಮಾಡುವವನನ್ನು ಅವನ ಉದ್ದ ಕಾಲುಗಳಿಂದಾಗಿ ಎಲ್ಲರೂ ಕೊಕ್ಕರೆ ಎನ್ನುತ್ತಿದ್ದರು. ಅವನ ದನಿ ರೇಡಿಯೋದಲ್ಲಿ ಬಂತು. "ಅಕ್ಕಾ, ಕೈ ಮರೆತಿಲ್ಲ ತಾನೇ? ನನಗೆ ಹೆಂಡ್ತಿ ಮಕ್ಕಳಿದ್ದಾರೆ!"

"ಆಚೆ ನಿಂತ್ಕೊಳ್ಳೋ ಮಾರಾಯ, ಮಾತು ಕಡಿಮೆ ಮಾಡು."

ಮೊದಲನೆಯ ಪೆಟ್ಟಿಗೆ ತುಸು ತೂಗಾಡಿತು. ಅವಳು ಕಾದಳು, ತೂಗಾಟ ನಿಂತ ಮೇಲೆ ಇಳಿಸಿದಳು. ಐದನೆಯದರ ಹೊತ್ತಿಗೆ ಕೈಗೆ ಎಲ್ಲ ನೆನಪಾಗಿತ್ತು.

ಮಧ್ಯಾಹ್ನ ಅವಳು ಯಂತ್ರ ನಿಲ್ಲಿಸಿ ಪುಟ್ಟ ಡಬ್ಬಿ ತೆರೆದಳು. ಮೀನಿನ ಚೂರುಗಳನ್ನು ಅತ್ತೆ ಉಗುರಿನಳತೆಗೆ ಬಿಡಿಸಿಟ್ಟಿದ್ದಳು. ಹತ್ತು ನಿಮಿಷವಾಯಿತು, ಹದಿನೈದಾಯಿತು. ಕೆಳಗೆ ಲಾರಿಗಳ ಸಾಲು ಬೆಳೆದು ಹಾರನ್ನುಗಳು ಶುರುವಾದವು. ರೇಡಿಯೋದಲ್ಲಿ ಮೇಲ್ವಿಚಾರಕರು ಕೂಗಿದರು.

"ಕ್ರೇನಮ್ಮ! ಏನ್ರೀ ಮಾಡ್ತಿದ್ದೀರಿ ಮೇಲೆ?"

ಅವಳು ಬಾಯಲ್ಲಿದ್ದುದನ್ನು ಅಗಿದು ಮುಗಿಸಿ, ನುಂಗಿ, ಆಮೇಲೆ ಗುಂಡಿ ಒತ್ತಿದಳು. "ಊಟ ಮಾಡ್ತಿದ್ದೀನಿ ಸಾರ್."

"ಇನ್ನೂ? ಬೇಗ ಮುಗಿಸ್ರಿ, ಹಡಗು ಕಾಯ್ತಿದೆ!"

"ಬೇಗ ಆಗಲ್ಲ ಸಾರ್. ಇನ್ನು ಹದಿನೈದು ನಿಮಿಷ. ದಿನಾ ಇಷ್ಟೇ ಹೊತ್ತು ಬೇಕು. ನಾಳೆಯಿಂದ ಬಿಡುವನ್ನ ಅರ್ಧ ಗಂಟೆ ಅಂತಲೇ ಬರ್ಕೊಳ್ಳಿ."

"ಇದೆಲ್ಲಾ ನಡೆಯಲ್ಲ. ನಾನೇ ಮೇಲೆ ಬರ್ಬೇಕಾಗುತ್ತೆ!"

"ಬನ್ನಿ ಸಾರ್, ಧಾರಾಳವಾಗಿ ಬನ್ನಿ. ಬರೋ ಮುಂಚೆ ಡಾಕ್ಟ್ರ ಹತ್ರ ಒಂದ್ಸಲ ತೂಕ ನೋಡಿಸ್ಕೊಳ್ಳಿ."

ಅವಳು ಗಾಜಿನಿಂದ ಬಗ್ಗಿ ನೋಡಿದಳು. ಕೆಳಗೆ ಮೇಲ್ವಿಚಾರಕರು ಕ್ರೇನಿನ ಬುಡದಲ್ಲಿ ನಿಂತು, ತಲೆಯೆತ್ತಿ ಏಣಿಯನ್ನೊಮ್ಮೆ, ತಲೆತಗ್ಗಿಸಿ ತಮ್ಮ ಶೂಗಳನ್ನು ಮುಚ್ಚಿದ್ದ ಡೊಳ್ಳನ್ನೊಮ್ಮೆ ನೋಡಿಕೊಳ್ಳುತ್ತಿದ್ದರು. ಅವರ ಹಿಂದೆ ಕೊಕ್ಕರೆ ಕಟ್ಟೆಯ ಮೇಲೆ ಕುಕ್ಕರಗಾಲಲ್ಲಿ ಕೂತು, ಬಾಯಿಗೆ ಟೋಪಿ ಒತ್ತಿಹಿಡಿದು ನಗುತ್ತಿದ್ದ. ಕ್ರೇನಮ್ಮ ಕುರ್ಚಿಗೆ ಒರಗಿ, ಸಮುದ್ರದ ಕಡೆ ಮುಖ ಮಾಡಿ, ಮುಂದಿನ ಚೂರನ್ನು ಬಾಯಿಗಿಟ್ಟುಕೊಂಡಳು.