ಒಂದು ಗಂಟೆಯ ಲಂಡನ್

ಇನ್ಸುಲಿನ್ ಚುಚ್ಚಿ, ಹತ್ತಿ ಒತ್ತಿ ಹಿಡಿದಾಗ ಗಂಟೆ ಹನ್ನೆರಡೂ ಮುಕ್ಕಾಲು. ಬಾಬಾ ಅಂಗಿ ಇಳಿಸಿಕೊಂಡು ಗೋಡೆಗೆ ಒರಗಿ ಕುಳಿತರು. ಇನ್ನು ಅರ್ಧ ಗಂಟೆಯೊಳಗೆ ಅವರ ಹೊಟ್ಟೆಗೆ ಅನ್ನ ಹೋಗಬೇಕು. ಹೋಗದಿದ್ದರೆ ಸಕ್ಕರೆ ಇಳಿದು ಕುಸಿದುಬಿಡುತ್ತಾರೆ. ಹೋದ ವರ್ಷ ಒಮ್ಮೆ ಹಾಗಾಗಿ ಎರಡು ದಿನ ಆಸ್ಪತ್ರೆಯಲ್ಲಿದ್ದರು.

ಕೊಲ್ಲಿಯ ಈ ದ್ವೀಪಕ್ಕೆ, ಗುಫೂಲಿನ ಈ ಮನೆಗೆ ನಾನು ಕೆಲಸಕ್ಕೆ ಬಂದು ಒಂಬತ್ತು ವರ್ಷ. ಬಾಬಾ ಶಾಲೆಯಲ್ಲಿ ಅರಬಿ ಕಲಿಸುತ್ತಿದ್ದವರು. ವಯಸ್ಸು ಎಂಬತ್ತಾರು, ಎರಡೂ ಕಣ್ಣಿಲ್ಲ. ಅವರ ಲೋಕವೆಲ್ಲ ಒಂದು ಹಳೆಯ ರೇಡಿಯೋದಲ್ಲಿತ್ತು. ದಿನಾ ಮಧ್ಯಾಹ್ನ ಒಂದು ಗಂಟೆಗೆ ಲಂಡನ್ನಿನಿಂದ ಅರಬಿಯಲ್ಲಿ ಸುದ್ದಿ ಬರಬೇಕು. ‘ಹುನಾ ಲಂಡನ್’, ಅಂದರೆ ‘ಇದು ಲಂಡನ್’, ಎಂಬ ಎರಡು ಮಾತು ಕಿವಿಗೆ ಬಿದ್ದ ಮೇಲೆಯೇ ಅವರು ಬಿಸ್ಮಿಲ್ಲಾ ಹೇಳಿ ತಟ್ಟೆಗೆ ಕೈ ಹಾಕುವುದು. ಹೆಂಡತಿ ಇದ್ದಾಗಿನಿಂದ ನಡೆದುಬಂದ ಕ್ರಮ. ಆಕೆ ಹೋದ ಮೇಲೆ ಅದು ಇನ್ನೂ ಗಟ್ಟಿಯಾಯಿತು.

ಆ ಲಂಡನ್ ನಿನ್ನೆ ಶುಕ್ರವಾರ ನಿಂತುಹೋಗಿತ್ತು. ಎಂಬತ್ತೈದು ವರ್ಷ ನಡೆದ ಅರಬಿ ರೇಡಿಯೋ. ಅವರಿಗೆ ಖರ್ಚು ಕಡಿಮೆ ಮಾಡಬೇಕಂತೆ, ಜನ ಈಗ ಫೋನಿನಲ್ಲೇ ಎಲ್ಲ ನೋಡುತ್ತಾರಂತೆ. ಬಾಬಾನ ಮಗಳು ಹಲೀಮಾ ಇರುವುದು ಸಮುದ್ರದ ಸೇತುವೆಯಾಚೆ, ಸೌದಿಯ ಖೋಬರಿನಲ್ಲಿ. ಅವಳೇ ವಾರದ ಹಿಂದೆ ಫೋನಿನಲ್ಲಿ ಇದನ್ನು ನನಗೆ ಹೇಳಿದ್ದಳು.

“ಬಾಬಾಗೆ ಹೇಳ್ಬೇಡ ಸುಲೈಖಾ. ಅವರ ಹಾರ್ಟ್ ತಡೆಯುವುದಿಲ್ಲ. ಹಳೇ ಸುದ್ದಿ ರೆಕಾರ್ಡ್ ಮಾಡಿಟ್ಟಿದ್ದೇನೆ. ಶನಿವಾರ ಒಂದು ಗಂಟೆಯೊಳಗೆ ಬಂದು ಸ್ಪೀಕರಿನಲ್ಲಿ ಹಾಕ್ತೇನೆ. ಅವರಿಗೇನು ಗೊತ್ತಾಗ್ತದೆ?”

ಇವತ್ತು ಸೂಜಿ ಹಾಕುವ ಮೊದಲು ಅವಳು ಎಲ್ಲಿದ್ದಾಳೆಂದು ಕೇಳಿಯೇ ಹಾಕಿದ್ದೆ. ಸೇತುವೆ ದಾಟುತ್ತಿದ್ದೇನೆ, ಹದಿನೈದೇ ನಿಮಿಷ ಅಂದಿದ್ದಳು. ಒಂದಕ್ಕೆ ಐದು ನಿಮಿಷವಿದೆ ಎನ್ನುವಾಗ ಅವಳದೇ ಫೋನ್.

“ಮುಂದೆ ಆಕ್ಸಿಡೆಂಟ್. ಒಂದು ಗಾಡಿಯೂ ಅಲುಗುತ್ತಿಲ್ಲ. ಹೇಗಾದರೂ ಊಟ ಮಾಡಿಸು!”

ಒಂದು ಗಂಟೆಗೆ ರೇಡಿಯೋ ತಂದು ಬಾಬಾನ ಪಕ್ಕದಲ್ಲಿಟ್ಟು ತಿರುಗಿಸಿದೆ. ಬರೀ ಸುಯ್ಯೆಂಬ ಸದ್ದು.

“ಮುಳ್ಳು ಜಾರಿದೆ, ಬಿಂತಿ,” ಎಂದರು. ‘ನನ್ನ ಮಗಳೇ’ ಎಂದು ಅವರು ನನ್ನನ್ನು ಕರೆಯುವುದು ಹಾಗೆ.

ಸರಿಸಿದ ಹಾಗೆ ಮಾಡಿದೆ.

“ಇವತ್ತು ತಡವೇನೋ ಬಾಬಾ. ನೀವು ಊಟ ಶುರು ಮಾಡಿ. ಮೀನಿನ ಮಚ್ಬೂಸ್ ಅನ್ನ, ಬಿಸಿ ಇದೆ.”

“ನೀನು ತಡ ಮಾಡ್ತೀಯ. ಹಲೀಮಾ ಹುಟ್ಟುವಾಗಲೇ ಎರಡು ವಾರ ತಡ. ಲಂಡನ್ ತಡ ಮಾಡುವುದಿಲ್ಲ.”

ಜ್ಯೂಸ್ ಹಿಡಿದೆ. ಮುಖ ತಿರುಗಿಸಿದರು. ಖರ್ಜೂರ ತುಟಿಗೆ ತಾಗಿಸಿದೆ. ತುಟಿ ಬಿಗಿದರು. ಒಂದೂ ಹತ್ತಕ್ಕೆ ಅವರ ಹಣೆಯಲ್ಲಿ ಬೆವರು ಕಾಣಿಸಿತು. ಅಡುಗೆಮನೆಗೆ ಓಡಿ ಜಾನೆಟಿಗೆ ಫೋನ್ ಮಾಡಿದೆ. ಆಕೆ ಮಂಗಳೂರಿನವಳು, ಇಲ್ಲಿ ನರ್ಸು. ನನಗೆ ಸೂಜಿ ಹಾಕಲು ಕಲಿಸಿದ್ದೂ ಅವಳೇ.

“ಊಟ ಎದುರಿಗಿಲ್ಲದೆ ಇನ್ಸುಲಿನ್ ಕೊಡುವುದಾ? ನಿಂಗೆ ಮರ್ಲಾ ಮಾರಾಯ್ತಿ?”

“ಊಟ ಎದುರಿಗೇ ಉಂಟು ಜಾನೆಟ್. ಅವರಿಗೆ ಲಂಡನ್ ಬೇಕಂತೆ.”

“ಲಂಡನ್ನೋ ನಮ್ಮ ಮಂಗಳೂರಿನ ಲೇಡಿಹಿಲ್ಲೋ, ಏನಾದ್ರೂ ಒಂದು ಕೊಟ್ಟು ಬಾಯಿ ತೆರೆಸು. ಕೈ ನಡುಗ್ಲಿಕ್ಕೆ ಶುರುವಾದ್ರೆ ಆಂಬುಲೆನ್ಸ್ ಕರಿ.”

ಫೋನ್ ಇಟ್ಟು ಒಲೆಯ ಮುಂದೆ ನಿಂತೆ. ಏನು ಕೊಡುವುದು?

ಉಳ್ಳಾಲದಲ್ಲಿ ನಮ್ಮ ಅಜ್ಜಿಯ ಮಡಿಲಲ್ಲಿ ಕುಳಿತು ಮಾಲೆ, ಮೌಲೂದಿನ ಹಾಡು ಕೇಳಿ ಬೆಳೆದವಳು ನಾನು. ಮದ್ರಸದಲ್ಲಿ ಉಸ್ತಾದರು ಒಂದು ಸಾಲು ಹೇಳಿದರೆ ನಾವು ತಿರುಗಿ ಹೇಳುತ್ತಿದ್ದೆವು. ಅರ್ಥ ಕೇಳುವ ಪದ್ಧತಿಯಿರಲಿಲ್ಲ. ಎಲ್ಲಿ ಎಳೆಯಬೇಕು, ಎಲ್ಲಿ ತಡೆಯಬೇಕು, ಯಾವ ಅಕ್ಷರ ಗಂಟಲಿನಿಂದ ಬರಬೇಕು, ಅಷ್ಟು ಗೊತ್ತಿದ್ದರೆ ಸಾಕು. ಮೂರು ಸಲ ಕೇಳಿದ್ದು ನನ್ನ ನಾಲಗೆಯಲ್ಲಿ ಉಳಿಯುತ್ತದೆ. ಮನೆಯಲ್ಲಿ ಆಡುವ ಅರಬಿ ಬೇರೆ: ತಾ, ಕೂಡು, ಉಪ್ಪು, ಔಷಧಿ. ರೇಡಿಯೋದ ಅರಬಿ ಕಿತಾಬಿನದು. ಅದು ನನಗೆ ಬರೀ ರಾಗ.

ಲಂಡನ್ನಿನ ಸುದ್ದಿ ದಿನಕ್ಕೊಂದು ಬಗೆ. ಆದರೆ ಕೆಲವು ವಾರಗಳಿಂದ ಹನ್ನೆರಡರ ಸುಮಾರಿಗೆ, ಬಾಬಾ ಒಳಗೆ ನಮಾಜಿನಲ್ಲಿರುವಾಗ, ಅಡುಗೆಮನೆಯ ರೇಡಿಯೋದಲ್ಲಿ ಒಂದು ಹೆಣ್ಣು ದನಿ ಒಂದೇ ಮಾತನ್ನು ಹೇಳುತ್ತಿತ್ತು. ಅಕ್ಷರ ಬದಲಾಗುತ್ತಿರಲಿಲ್ಲ. ಎಷ್ಟು ಗಂಭೀರ, ಎಷ್ಟು ಮೃದು! ದುಆ ಬೇಡಿಕೊಂಡ ಹಾಗೆ. ಯಾವುದೋ ಶುಭದ ಮಾತಿರಬೇಕೆಂದು ನಾನು ಅಕ್ಕಿ ತೊಳೆಯುತ್ತಾ ಅದನ್ನು ಜೊತೆಯಲ್ಲೇ ಹೇಳುತ್ತಿದ್ದೆ. ನನ್ನಲ್ಲಿ ಪೂರ್ತಿ ಇದ್ದ ಲಂಡನ್ ಅದೊಂದೇ.

ಅಲ್ಲಾಹುವೇ ಕ್ಷಮಿಸು ಎಂದುಕೊಂಡು ರೇಡಿಯೋ ಎತ್ತಿಕೊಂಡೆ. “ಬ್ಯಾಟರಿ ಬದಲಿಸ್ತೇನೆ ಬಾಬಾ” ಎಂದೆ. ಅಡುಗೆಮನೆಯ ಬಾಗಿಲನ್ನು ಅರ್ಧ ಮುಚ್ಚಿ, ಖಾಲಿ ಪಾತ್ರೆಯೊಂದನ್ನು ಬಾಯಿಗೆ ಅಡ್ಡ ಹಿಡಿದೆ.

“ಹುನಾ ಲಂಡನ್.”

ಬಾಗಿಲ ಸಂದಿಯಲ್ಲಿ ಕಾಣುತ್ತಿತ್ತು. ಬಾಬಾನ ಮುಖ ಅರಳಿತು. ಬಿಸ್ಮಿಲ್ಲಾ ಹೇಳಿದರು. ಕೈ ತಟ್ಟೆಗೆ ಹೋಯಿತು, ಅನ್ನ ಮುದ್ದೆ ಮಾಡಿತು. ನಾನು ಮುಂದುವರಿಸಿದೆ. ಒಂದಕ್ಷರ ಬಿಡದೆ, ಆ ಹೆಂಗಸು ಉಸಿರು ತೆಗೆದಲ್ಲೇ ನಾನೂ ತೆಗೆದು, ಎಳೆದಲ್ಲಿ ಎಳೆದು ಹೇಳಿದೆ.

ಅವರ ಕೈ ಬಾಯಿಯ ಹತ್ತಿರ ನಿಂತಿತು. ಬೆರಳು ಸಡಿಲವಾಗಿ ಅನ್ನ ಎದೆಯ ಮೇಲೆ, ಮಡಿಲಿಗೆ ಉದುರಿತು. ನನ್ನ ನಾಲಗೆ ಕೊನೆಯ ಎರಡು ಸಾಲನ್ನು ತಾನೇ ಹೇಳಿ ಮುಗಿಸಿತು.

ಪಾತ್ರೆ ಕೆಳಗಿಟ್ಟು ಓಡಿದೆ. “ಬಾಬಾ! ಏನಾಯ್ತು ಬಾಬಾ?”

ಅವರ ಮುಖದಲ್ಲಿ ರಕ್ತವೇ ಇರಲಿಲ್ಲ. ತಲೆಯನ್ನು ನನ್ನ ಕಡೆಗೆ ತಿರುಗಿಸಿ ಕೇಳಿದರು. “ಬಿಂತಿ, ಈಗ ನೀನು ಹೇಳಿದ್ದೇನು, ನಿನಗೆ ಗೊತ್ತಾ?”

‘ನೀನು’ ಎಂದರು. ಲಂಡನ್ ಎನ್ನಲಿಲ್ಲ.

“ಲಂಡನ್ನಿನವರ ಐನ್ ಅಕ್ಷರ ಗಂಟಲಿನಿಂದ ಬರ್ತದೆ,” ಎಂದರು. “ನಿನ್ನದು ಮೂಗಿನಿಂದ. ಹೇಳು, ಗೊತ್ತಾ?”

“ಮಾಫಿ ಮಾಲೂಮ್, ಬಾಬಾ. ಗೊತ್ತಿಲ್ಲ.”

ಆಗ ಅವರು ನನಗೆ ತಿಳಿಯುವ ಮನೆಯ ಅರಬಿಯಲ್ಲಿ, ಮಕ್ಕಳಿಗೆ ಪಾಠ ಹೇಳುವಂತೆ, ನಾನು ಹೇಳಿದ್ದನ್ನು ನನಗೇ ಬಿಡಿಸಿ ಹೇಳಿದರು. ಎಂಬತ್ತೈದು ವರ್ಷ ನಿಮ್ಮ ಮನೆಗೆ ಬಂದೆವು. ಈ ತಿಂಗಳ ಇಪ್ಪತ್ತೇಳಕ್ಕೆ ಈ ರೇಡಿಯೋ ನಿಲ್ಲುತ್ತದೆ. ಇಷ್ಟು ಕಾಲ ಕಿವಿಗೊಟ್ಟವರಿಗೆ ಸಲಾಂ.

ಯಾವುದನ್ನು ಹೇಳಬಾರದೆಂದು ವಾರವಿಡೀ ನಾಲಗೆ ಕಚ್ಚಿಕೊಂಡಿದ್ದೆನೋ, ಅದನ್ನೇ ರಾಗವಾಗಿ, ತಪ್ಪಿಲ್ಲದೆ, ಅವರು ತುತ್ತೆತ್ತುವ ಹೊತ್ತಿಗೆ ಹೇಳಿಬಿಟ್ಟಿದ್ದೆ. ಅಕ್ಕಿ ತೊಳೆಯುತ್ತಾ ದಿನಾ ಹೇಳಿದ್ದು ಸಾವಿನ ಸುದ್ದಿ. ಹಾಗಾದರೆ ಹುಟ್ಟಿದಂದಿನಿಂದ ನಾನು ಇನ್ನೂ ಏನೇನು ಹೇಳುತ್ತಾ ಬಂದಿದ್ದೇನೆ?

“ತಟ್ಟೆ ತಗೊಂಡು ಹೋಗು,” ಎಂದರು ಬಾಬಾ. “ಸಾವಾದ ಮನೆಯಲ್ಲಿ ಊಟವೆಂಥದು?”

ಮಡಿಲಲ್ಲಿದ್ದ ಅವರ ಕೈ ನಡುಗಲು ಶುರುವಾಗಿತ್ತು. ಆಂಬುಲೆನ್ಸ್ ಕರೆದರೂ ಬರಬೇಕಲ್ಲ. ಅಳಲೂ ಸಮಯವಿರಲಿಲ್ಲ.

“ಬಾಬಾ, ನಮ್ಮೂರಲ್ಲಿ ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ನೆರೆಮನೆಯವರು ಅಡುಗೆ ಮಾಡಿ ತರ್ತಾರೆ. ನಿಮ್ಮಲ್ಲಿ?”

“ನಮ್ಮಲ್ಲೂ ಹಾಗೆಯೇ. ಪ್ರವಾದಿ ನಬಿಯವರೇ ಹೇಳಿದ ಮಾತು.”

“ತಂದದ್ದನ್ನು ಬೇಡ ಅನ್ನಬಹುದಾ?”

ನಾನು ತಟ್ಟೆ ಎತ್ತಿಕೊಂಡು ಹೊರಗೆ ಹೋಗಿ ಬಾಗಿಲು ಎಳೆದುಕೊಂಡೆ. ಮೆಟ್ಟಿಲ ಹತ್ತಿರ ಚಪ್ಪಲಿ ಬಿಟ್ಟೆ. ಬೆಲ್ ಒತ್ತಿದೆ.

ಒಳಗಿನಿಂದ ಸದ್ದಿಲ್ಲ. ಇನ್ನೊಮ್ಮೆ ಒತ್ತಿದೆ.

“ಯಾರು?” ಸಣ್ಣ ದನಿ.

“ಅಸ್ಸಲಾಮು ಅಲೈಕುಂ. ನೆರೆಯವಳು. ಸುದ್ದಿ ಕೇಳಿ ಬಂದೆ.”

“ವ ಅಲೈಕುಮುಸ್ಸಲಾಂ. ಬಾ, ನೆರೆಯವಳೇ.”

ಮೊದಲ ತುತ್ತನ್ನು ನಾನೇ ಬಾಯಿಗಿಟ್ಟೆ. ನುಂಗಿದರು. ಜ್ಯೂಸ್ ಕುಡಿದರು. ಆರನೆಯ ತುತ್ತಿಗೆ ಕೈಯ ನಡುಕ ನಿಂತಿತು. ಕುರುಡು ಕಣ್ಣುಗಳಿಂದ ನೀರು ಗಡ್ಡಕ್ಕೆ ಇಳಿಯುತ್ತಿತ್ತು. ಅದನ್ನು ಒರೆಸದೆ ಅಗಿಯುತ್ತಲೇ ಇದ್ದರು.

ಎರಡು ಗಂಟೆಗೆ ಹಲೀಮಾ ಏದುಸಿರು ಬಿಡುತ್ತಾ ಒಳಗೆ ಬಂದಳು. ಕೈಯಲ್ಲಿ ಹೊಸ ಸ್ಪೀಕರ್. ತಂದೆಯ ಮುಖ ನೋಡಿದಳು, ಆಮೇಲೆ ನನ್ನ ಮುಖ.

“ಹೇಳಿಬಿಟ್ಟೆಯಾ?” ಅಂದಳು ಹಿಂದಿಯಲ್ಲಿ, ಹಲ್ಲು ಕಚ್ಚಿ. “ಒಂದೇ ಒಂದು ಮಾತು ನಿನಗೆ ಹೇಳಿದ್ದೆ!”

ಹೌದೆಂದರೂ ನಿಜ, ಇಲ್ಲವೆಂದರೂ ನಿಜ.

ಬಾಬಾ ತಟ್ಟೆಯ ಅಂಚನ್ನು ಬೆರಳಿನಿಂದ ಸವರಿ, ಉಳಿದ ಅಗುಳನ್ನು ಒಟ್ಟುಮಾಡುತ್ತಿದ್ದರು.

“ಅವಳನ್ನು ಬೈಯಬೇಡ ಹಲೀಮಾ,” ಎಂದರು. “ಲಂಡನ್ ತಾನೇ ಬಂದು ಹೇಳಿ ಹೋಯಿತು.”